ಮೌನಿಗಳು ಕಟ್ಟಿಸಿದ ಗದ್ದಲದ ಮನೆ

ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯಲ್ಲಿ ನಾರ್ಟನ್ ಸೇಂಟ್ ಫಿಲಿಪ್ ಎಂಬ ಹಳ್ಳಿ. ಅಲ್ಲಿನ ‘ಜಾರ್ಜ್ ಇನ್’ ಶತಮಾನಗಳಷ್ಟು ಹಳೆಯ ಪಬ್ಬು. ಕೆಳಗೆ ಕಲ್ಲಿನ ಗೋಡೆ, ಮೇಲೆ ಬೀದಿಯ ಕಡೆಗೆ ತುಸು ಚಾಚಿಕೊಂಡ ಮರದ ಚೌಕಟ್ಟಿನ ಅಂತಸ್ತುಗಳು. ಇದನ್ನು ಕಟ್ಟಿಸಿದವರು ಹತ್ತಿರದ ಹಿಂಟನ್ ಮಠದ ಕಾರ್ತೂಸಿಯನ್ ಸನ್ಯಾಸಿಗಳು. ಮಾಂಸ ಮುಟ್ಟದವರು, ತಂತಮ್ಮ ಕೋಣೆಗಳಲ್ಲಿ ಒಬ್ಬೊಬ್ಬರೇ ಮೌನವಾಗಿ ಬಾಳಿದವರು. ಉಣ್ಣೆಯ ಸಂತೆಗೆ ಬಂದ ವ್ಯಾಪಾರಿಗಳು ಉಂಡು, ಕುಡಿದು, ಚೌಕಾಸಿ ಮಾಡಿ ಮಲಗಲೆಂದು ಅಂಥವರು ಈ ಮನೆ ಎಬ್ಬಿಸಿದರು. ಉಣ್ಣೆಯ ಆದಾಯ ಮಠಕ್ಕೂ ಬೇಕಿತ್ತು, ನಿಜ. ಆದರೂ ತನಗೆ ಬೇಡವಾದದ್ದು ಲೋಕಕ್ಕೆ ಬೇಕಾದೀತು ಎಂದು ಒಪ್ಪಿಕೊಳ್ಳುವುದು ಸಣ್ಣ ವೈರಾಗ್ಯವೇ?

ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಮಠ ಮುಚ್ಚಿತು. ಅಲ್ಲಿ ಈಗ ಉಳಿದಿರುವುದು ಪಾಳು. ಪ್ರಾರ್ಥನೆ ಅಳಿದು ಪಾನ ಉಳಿಯಿತಲ್ಲ ಎಂದು ನಮ್ಮಲ್ಲಿ ಕೆಲವರು ಮೂಗು ಮುರಿದಾರು. ಉಳಿದದ್ದು ಬರೀ ಪಾನವೇ? 1668ರ ಜೂನ್‌ನಲ್ಲಿ ಬಾತ್ ನಗರಕ್ಕೆ ಹೊರಟಿದ್ದ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ ಈ ಊರಲ್ಲಿ ಊಟಕ್ಕಿಳಿದ. ಊಟ ಚೆನ್ನಾಗಿತ್ತೆಂದೂ ಹತ್ತು ಶಿಲಿಂಗ್ ಆಯಿತೆಂದೂ ದಿನಚರಿಯಲ್ಲಿ ಬರೆದಿಟ್ಟ. ಹೊಟ್ಟೆ ತುಂಬಿದ ತೃಪ್ತಿ, ಪಕ್ಕದಲ್ಲೇ ಅದರ ಬೆಲೆ. ದಾಸೋಹದ ಪಂಕ್ತಿಯಲ್ಲಿ ಕೂತು ಬೆಳೆದ ನಮಗೆ ಅನ್ನದ ಜೊತೆ ಲೆಕ್ಕ ಬರೆಯುವುದು ಇರುಸುಮುರುಸು. ಆದರೆ ಬೆಲೆ ತೆತ್ತವನಿಗೂ ಒಂದು ನೆಮ್ಮದಿಯಿದೆ. ಅವನು ಯಾರ ಋಣದಲ್ಲೂ ಇಲ್ಲ. ಯಾರ ಮಗ, ಯಾವ ದೇವರ ಒಕ್ಕಲು ಎಂದು ಯಾರಿಗೂ ಹೇಳಬೇಕಿಲ್ಲ.

ಈ ನೆಮ್ಮದಿಗೆ ಇನ್ನೊಂದು ಮುಖವೂ ಉಂಟು. ದೊರೆ ಎರಡನೆಯ ಜೇಮ್ಸ್‌ನ ವಿರುದ್ಧ ದಂಡೆತ್ತಿ ಬಂದ ಮನ್ಮತ್ ಡ್ಯೂಕ್, 1685ರ ಜೂನ್‌ನಲ್ಲಿ ಇದೇ ಮನೆಯಲ್ಲಿ ತಂಗಿದ್ದ. ಮುಂದಿನ ತಿಂಗಳು ಸೆಜ್‌ಮೂರ್‌ನಲ್ಲಿ ಸೋತ, ತಲೆ ಕಳೆದುಕೊಂಡ. ಅವನನ್ನು ನಂಬಿ ಹೋದವರ ವಿಚಾರಣೆಗೂ ಈ ಮನೆಯ ಕೋಣೆಯೇ ಒದಗಿತೆಂದು ಊರಲ್ಲಿ ಮಾತಿದೆ. ಬಂಡಾಯಗಾರನಿಗೂ ಬಡಿಸಿ ನ್ಯಾಯಾಧೀಶನಿಗೂ ಬಡಿಸುವ ಕೈಯನ್ನು ಏನೆಂದು ಕರೆಯೋಣ? ಸಮದೃಷ್ಟಿಯೆಂದೇ? ತಣ್ಣನೆಯ ವ್ಯಾಪಾರಬುದ್ಧಿಯೆಂದೇ? ಎರಡರ ನಡುವಿನ ಗೆರೆ ನಾವು ಬಯಸುವಷ್ಟು ಸ್ಪಷ್ಟವಾಗಿಲ್ಲ. ಬಡಿಸುವ ಮೊದಲು ಪಕ್ಷ ಕೇಳುವ ಮನೆಯನ್ನಂತೂ ನಾನು ನೆಚ್ಚಲಾರೆ.

ಇಂಥ ಪಬ್ಬುಗಳಲ್ಲಿ ಕೌಂಟರಿನ ಮುಂದೆ ಸಾಲು ನಿಲ್ಲುವುದಿಲ್ಲ. ಜನ ಉದ್ದಕ್ಕೂ ಮೊಣಕೈಯೂರಿ ನಿಂತಿರುತ್ತಾರೆ, ಯಾರೂ ಕೂಗುವುದಿಲ್ಲ. ಯಾರು ಮೊದಲು ಬಂದರೆಂದು ಒಳಗಿರುವವರಿಗೂ ಗೊತ್ತು, ನಿಂತವರಿಗೂ ಗೊತ್ತು. ತಪ್ಪಿ ನಮ್ಮನ್ನು ಮೊದಲು ಕೇಳಿದರೆ, ಇವರು ನನಗಿಂತ ಮುಂಚೆ ಬಂದವರು ಎಂದು ಪಕ್ಕದವರನ್ನು ತೋರಿಸುವುದು ಮರ್ಯಾದೆ. ಗೆಳೆಯರ ಗುಂಪಿನಲ್ಲಿ ‘ರೌಂಡ್’ ಎಂಬ ಪದ್ಧತಿ: ಒಬ್ಬ ಎಲ್ಲರಿಗೂ ಕೊಡಿಸುತ್ತಾನೆ, ಮುಂದಿನ ಸರದಿ ಇನ್ನೊಬ್ಬನದು. ಲೆಕ್ಕ ಬರೆಯುವವರಿಲ್ಲ, ಆದರೆ ತನ್ನ ಸರದಿಗೆ ಜಾರಿಕೊಂಡವನನ್ನು ಯಾರೂ ಮರೆಯುವುದಿಲ್ಲ. ಪರರ ಪಾಲನ್ನು ಗೌರವಿಸಲು ಕಲಿಸುವುದಕ್ಕೆ ನಾವು ಎಷ್ಟೊಂದು ಪಾಠಶಾಲೆ ಕಟ್ಟಿದ್ದೇವೆ! ಇಲ್ಲಿ ಅದು ಬಾಯಾರಿಕೆಯ ನೆಪದಲ್ಲಿ ನಡೆದುಹೋಗುತ್ತದೆ.

ಪೀಪಾಯಿಯಲ್ಲೇ ಹದಗೊಂಡು, ಕೈಪಂಪಿನಿಂದ ಎಳೆದು ತುಂಬಿಸುವ ಏಲ್ ಎಂಬ ಬಿಯರ್ ಇದೆಯಲ್ಲ, ಅದರ ಪೀಪಾಯಿ ತೆರೆದ ಮೇಲೆ ಮೂರು ದಿನ ಚೆನ್ನಾಗಿದ್ದರೆ ಹೆಚ್ಚು. ಆಮೇಲೆ ಹುಳಿ ಏರುತ್ತದೆ. ಶತಮಾನಗಳ ಮನೆ ಮೂರು ದಿನದ ಸರಕನ್ನು ನೆಚ್ಚಿಕೊಂಡಿದೆ! ಅಂದಮೇಲೆ ಅದನ್ನು ಕಾಪಾಡಿದ್ದು ತೊಲೆಗಳ ಗಟ್ಟಿತನವೊಂದೇ ಅಲ್ಲ, ಪೀಪಾಯಿ ಹುಳಿಯಾಗುವ ಮುನ್ನ ಬಂದುಹೋದ ಜನ. ಊರಿನ ಪಬ್ಬು ಮಾರಾಟಕ್ಕೆ ಬಂದರೆ ಊರವರು ಹಣ ಕೂಡಿಸಿಕೊಳ್ಳಲು ಆರು ತಿಂಗಳ ಕಾಲಾವಕಾಶ ಪಡೆಯುವ ದಾರಿಯನ್ನು 2011ರ ಇಂಗ್ಲಿಷ್ ಕಾನೂನೊಂದು ತೆರೆದಿದೆ. ಒಳ್ಳೆಯದೇ. ಮಳೆ ಹಿಡಿದ ಮಂಗಳವಾರದ ಸಂಜೆ ಕೊಡೆ ಹಿಡಿದು ಊಟಕ್ಕೆ ಬರಬೇಕಾದವರು ಮಾತ್ರ ಆ ಊರವರೇ, ಇಲ್ಲವೇ ಆ ದಾರಿಯಲ್ಲಿ ಹೋಗುತ್ತಿರುವ ನಾವು. ಕುಡಿಯದವರು ಒಂದು ಲೋಟ ಶುಂಠಿಯ ಪಾನಕ ಕೇಳಿದರೂ ಆದೀತು. ಏಕೆ ಕುಡಿಯುವುದಿಲ್ಲವೆಂದು ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ.