ಭಕ್ತಿಯು ಹಾಕಿದ ಮುಸುಕು



ಕ್ರಿ.ಪೂ. 3ನೆಯ ಶತಮಾನದಲ್ಲಿ ಐಗುಪ್ತದೇಶದ ಅಲೆಕ್ಸಾಂದ್ರಿಯ ಪಟ್ಟಣದಲ್ಲಿ ಬಹುಮಂದಿ ಯೆಹೂದ್ಯರು ವಾಸವಾಗಿದ್ದರು. ಅವರ ಮನೆಗಳಲ್ಲಿ ಗ್ರೀಕ್ ಭಾಷೆಯೇ ಆಡುಮಾತಾದದರಿಂದ ಮೋಶೆಯ ಐದು ಪುಸ್ತಕಗಳು ಇಬ್ರಿಯದಿಂದ ಗ್ರೀಕಿಗೆ ಭಾಷಾಂತರವಾದವು. ಎಪ್ಪತ್ತೆರಡು ಮಂದಿ ಹಿರಿಯರು ಈ ಕಾರ್ಯವನ್ನು ಮಾಡಿದರೆಂಬ ಪುರಾತನ ಐತಿಹ್ಯವುಂಟು. ಆದಕಾರಣ ಇದಕ್ಕೆ ಎಪ್ಪತ್ತು ಮಂದಿಯ ಭಾಷಾಂತರವೆಂಬ ಹೆಸರು ಬಂತು.

ಭಾಷಾಂತರ ಮಾಡಿದವರು ದೇವಭಕ್ತರೇ. ಆದರೆ ಆ ಭಕ್ತಿಯೇ ಕೆಲವು ಕಡೆಗಳಲ್ಲಿ ಅವರ ಲೇಖನಿಯನ್ನು ತಿರುಗಿಸಿತು. ಮೋಶೆಯ ಸಂಗಡ ಸೀನಾಯಿ ಬೆಟ್ಟವನ್ನೇರಿದ ಹಿರಿಯರು ಇಸ್ರಾಯೇಲಿನ ದೇವರನ್ನು ಕಂಡರೆಂದು ವಿಮೋಚನಕಾಂಡ 24:10ರ ಇಬ್ರಿಯ ಮೂಲವು ಹೇಳುತ್ತದೆ. ಗ್ರೀಕಿನಲ್ಲಾದರೋ, ಅವರು ಕಂಡದ್ದು ದೇವರು ನಿಂತಿದ್ದ ಸ್ಥಳವನ್ನು. ಅದೇ ಪುಸ್ತಕದ 15:3ರಲ್ಲಿ ಮೂಲವು ಯೆಹೋವನನ್ನು ಯುದ್ಧವೀರನೆಂದು ಕರೆದರೆ, ಗ್ರೀಕ್ ಆತನನ್ನು ಯುದ್ಧಗಳನ್ನು ಮುರಿಯುವವನೆಂದು ಕರೆಯುತ್ತದೆ. ದೇವರನ್ನು ಮನುಷ್ಯನಂತೆ ವರ್ಣಿಸುವದು ಆತನ ಮಹಿಮೆಗೆ ಕುಂದೆಂದು ಅವರು ಹೆದರಿದರೆಂಬದಾಗಿ ಪಂಡಿತರಲ್ಲಿ ಅನೇಕರು ಎಣಿಸುತ್ತಾರೆ.

ಆದರೂ ಅವರನ್ನು ವಂಚಕರೆನ್ನಬಾರದು. ಅದೇ 15ನೆಯ ಅಧ್ಯಾಯದಲ್ಲಿ ಕರ್ತನ ಬಲಗೈಯನ್ನು ಅವರು ಇದ್ದ ಹಾಗೆಯೇ ಬರೆದಿದ್ದಾರೆ. ಹೊಸ ಒಡಂಬಡಿಕೆಯನ್ನು ಬರೆದವರೂ ಅನೇಕ ವಚನಗಳನ್ನು ಈ ಭಾಷಾಂತರದಿಂದಲೇ ತೆಗೆದುಕೊಂಡಿದ್ದಾರೆ. ಕುಂದುಳ್ಳ ಮಣ್ಣಿನ ಪಾತ್ರೆಯಲ್ಲಿಯೂ ದೇವರು ತನ್ನ ನಿಕ್ಷೇಪವನ್ನು ಇಡಬಲ್ಲನು.

ಆದರೆ ಅವರು ಮರೆಮಾಡಿದ್ದು ಎಂಥಾದ್ದೆಂದು ಯೋಚಿಸಿರಿ. ದೇವರು ಮನುಷ್ಯರ ಹತ್ತಿರಕ್ಕೆ ಬರುತ್ತಾನೆಂಬದನ್ನೇ! ಆತನ ಗೌರವವನ್ನು ಕಾಯಬೇಕೆಂದು ಅವರು ಆತನನ್ನು ದೂರದಲ್ಲಿ ನಿಲ್ಲಿಸಿದರು. ಆತನಾದರೋ ಸಮೀಪಕ್ಕೆ ಬರಲು ನಾಚಲಿಲ್ಲ. ಕಾಲ ಬಂದಾಗ ಗೋದಲಿಯಲ್ಲಿ ಮಲಗಿದನು, ಕುಷ್ಠರೋಗಿಯನ್ನು ಮುಟ್ಟಿದನು.

ನಾವು ಭಾಷಾಂತರ ಮಾಡುವವರಲ್ಲವೆಂದು ಹೇಳಿಕೊಳ್ಳಬೇಡಿರಿ. ಔತಣ ಮಾಡಿಸುವಾಗ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಬೇಕೆಂದು ಕರ್ತನು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಆಜ್ಞಾಪಿಸಿದ್ದಾನೆ. ಇದನ್ನು ನಾವು ದೇವಾಲಯದಲ್ಲಿ ಓದಿ ಆಮೆನ್ ಅನ್ನುತ್ತೇವೆ. ಮನೆಯಲ್ಲಿ ಮದುವೆಯಾದಾಗ ಬಂಧುಗಳನ್ನು ಪಂಕ್ತಿಯಲ್ಲಿ ಕೂರಿಸಿ, ಉಳಿದ ಅನ್ನವನ್ನು ಬಡವರಿಗೆ ಹಿತ್ತಲ ಬಾಗಿಲಲ್ಲಿ ಕೊಡುತ್ತೇವೆ. ಕರ್ತನು ಕರೆಯಿರಿ ಅಂದನು. ನಾವು ಅದನ್ನು ಕಳುಹಿಸಿಕೊಡಿರಿ ಎಂದು ತಿರುಗಿಸಿದೆವು. ಆ ಹಿರಿಯರು ಭಯಭಕ್ತಿಯಿಂದ ತಿದ್ದಿದರು; ನಾವು ನಮ್ಮ ಅನುಕೂಲಕ್ಕಾಗಿ ತಿದ್ದುತ್ತೇವೆ.

ಆದದರಿಂದ ಪ್ರಿಯರೇ, ಸತ್ಯವೇದವನ್ನು ತೆರೆಯುವಾಗ ನಿಮಗೆ ಕಠಿನವಾಗಿ ತೋರುವ ಮಾತಿನ ಮುಂದೆಯೇ ಹೆಚ್ಚು ಹೊತ್ತು ನಿಲ್ಲಿರಿ. ನಾವು ವಾಕ್ಯವನ್ನು ತಿದ್ದದೆ, ವಾಕ್ಯವೇ ನಮ್ಮನ್ನು ತಿದ್ದುವಂತೆ ಕರ್ತನು ಕೃಪೆಮಾಡಲಿ. ಆಮೆನ್.