ರೋಮಿನ ದುಡ್ಡು, ಕನ್ಹೇರಿಯ ನೀರು

ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಷಿಯಸ್ ನಾಣ್ಯಗಳನ್ನು ನಮ್ಮ ಸಾಮ್ರಾಜ್ಯದಿಂದ ಸೆಳೆದುಕೊಳ್ಳುತ್ತಿದೆ ಎಂದು ಮೊದಲನೇ ಶತಮಾನದಲ್ಲಿ ರೋಮಿನ ಪ್ಲಿನಿ ಗೊಣಗಿದ್ದ. ಕೆಲಸವೆಲ್ಲ ಬೆಂಗಳೂರಿಗೆ ಹೋಯಿತೆಂಬ ಅಮೆರಿಕದವರ ದೂರು ಕೇಳಿರುವ ನನಗೆ ಈ ಗೊಣಗಾಟ ಹೊಸದಲ್ಲ. ನನ್ನ ಸಂಬಳದ ಮೂಲವೂ ಡಾಲರೇ.

ಆ ದುಡ್ಡು ಎಲ್ಲಿ ಹೋಯಿತು? ಒಂದಿಷ್ಟು ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿತು. ಮುಂಬಯಿಯ ಸುತ್ತ ಆಗಿನ ಬಂದರುಗಳು ಕಲ್ಯಾಣ ಮತ್ತು ಸೋಪಾರಾ. ಇಂದು ನಾವು ಲೋಕಲ್ ಟ್ರೇನಿನಲ್ಲಿ ದಾಟುವ ಸ್ಟೇಷನ್ನುಗಳು. ಈ ಊರುಗಳವರು ಬೊರಿವಲಿಯ ಕನ್ಹೇರಿ ಗುಹೆಗಳಿಗೆ ದಾನ ಕೊಟ್ಟರು. ಕಲ್ಯಾಣದ ಅಕ್ಕಸಾಲಿಗನೊಬ್ಬ ನೀರಿನ ತೊಟ್ಟಿ ಕೊಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ರೋಮಿಗೆ ನಷ್ಟವೆನಿಸಿದ್ದು ಇಲ್ಲಿ ಬಾಯಾರಿದವರಿಗೆ ನೀರಾಗಿರಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ಮನಸ್ಸಿಗೆ ಹಾಯಿ. ಆದರೆ ಅದೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್', ಭರೂಚ್ ಬಂದರಿನಲ್ಲಿ ರಾಜನಿಗಾಗಿ ಇಳಿಯುತ್ತಿದ್ದ ಸರಕಿನ ಪಟ್ಟಿಯಲ್ಲಿ ಬೆಳ್ಳಿ ಪಾತ್ರೆ, ದ್ರಾಕ್ಷಾರಸಗಳ ಜೊತೆಗೆ ಹಾಡುವ ಹುಡುಗರನ್ನೂ ಅಂತಃಪುರಕ್ಕೆ ಚೆಲುವೆಯರನ್ನೂ ಸೇರಿಸಿದೆ. ಕಡಲು ಅದೇ, ವ್ಯಾಪಾರವೂ ಅದೇ.

ತೊಟ್ಟಿಯ ನೀರು ಆ ಹುಡುಗಿಯರ ಋಣ ತೀರಿಸುವುದಿಲ್ಲ. ಹಾಗೆಂದು ನೀರು ಸುಳ್ಳಾಗುವುದೂ ಇಲ್ಲ. ದಾನದ್ದೊಂದು ಲೆಕ್ಕ, ಗಳಿಕೆಯದೊಂದು ಲೆಕ್ಕ. ಒಂದರ ಉಳಿಕೆಯನ್ನು ಇನ್ನೊಂದಕ್ಕೆ ಜಮಾ ಮಾಡಲಾಗದು. ಊರಿನ ಶಾಲೆಗೆ ವರ್ಷಕ್ಕೊಮ್ಮೆ ದುಡ್ಡು ಕಳಿಸುವ ನಾವು, ನಮ್ಮದೇ ಪ್ರಾಜೆಕ್ಟಿನಲ್ಲಿ ರಾತ್ರಿ ಪಾಳಿ ಮಾಡುವ ಗುತ್ತಿಗೆ ಹುಡುಗರಿಗೆ ಸಿಗುವುದೆಷ್ಟು ಎಂದೂ ಕೇಳಬೇಕಲ್ಲವೇ?