ಕಲಿಯುವ ಭಾರ ಯಾರದು?

ರೋಣ, ನರಗುಂದ, ಗಜೇಂದ್ರಗಡದ ಕಡೆ ಈಗ ಚೀನೀ ಅಕ್ಷರ ಕಾಲಿಡದ ಮನೆ ಅಪರೂಪ. ಮೊಬೈಲ್ ಚಾರ್ಜರ್, ಹಬ್ಬಕ್ಕೆ ತಂದ ಬಣ್ಣದ ದೀಪದ ಸರ, ಮಕ್ಕಳ ಆಟಿಕೆ, ಯಾವುದರ ಡಬ್ಬಿ ತಿರುಗಿಸಿದರೂ ಒತ್ತೊತ್ತಾಗಿ ಗೆರೆ ತುಂಬಿದ ಬರಹ ಕಾಣುತ್ತದೆ. ನಾವು ಅದರ ಗೊಡವೆಗೆ ಹೋಗುವುದಿಲ್ಲ. ಆದರೆ ಮನೆಯ ಮಗು ಡಬ್ಬಿ ಹಿಡಿದು ಬಂದು, ‘ಇದನ್ನ ಹೆಂಗ ಓದೂದು?’ ಎಂದು ಕೇಳಿದರೆ ಆ ಕುತೂಹಲವನ್ನು ಗದರಿಸಿ ಕಳಿಸಬಾರದು.

ಮೊದಲ ಪಾಠಗಳು ನಾವು ಹೆದರಿದಷ್ಟು ಕಠಿಣವೇನಲ್ಲ. ಒಂದು ಅಡ್ಡಗೆರೆ, ಅದನ್ನು ಸೀಳಿ ಇಳಿಯುವ ಒಂದು ಉದ್ದಗೆರೆ, ಎಡಕ್ಕೂ ಬಲಕ್ಕೂ ಚಾಚುವ ಎರಡು ಓರೆಗೆರೆ: ಇದು ಮರ. ಅದನ್ನೇ ಜೋಡಿಯಾಗಿ ಬರೆದರೆ ತೋಪು, ಮೂರು ಸಲ ಬರೆದರೆ ಕಾಡು. ವ್ಯಾಕರಣವೂ ಉದಾರವಾದದ್ದು. ಬಂದನು, ಬಂದಳು, ಬಂದರು ಎಂದು ಕ್ರಿಯಾಪದ ರೂಪ ಬದಲಿಸುವುದಿಲ್ಲ. ನಿನ್ನೆ, ನಾಳೆ ಎಂಬ ಮಾತು ಸೇರಿಸಿದರೆ ಎಷ್ಟೋ ಸಲ ಕಾಲವೂ ತಿಳಿಯುತ್ತದೆ. ಆದರೆ ವಿಭಕ್ತಿಪ್ರತ್ಯಯಗಳಿಲ್ಲದ ಕಾರಣ ಪದಗಳ ಸ್ಥಾನ ತಪ್ಪುವಂತಿಲ್ಲ. ತಪ್ಪಿದರೆ ಎತ್ತು ರೈತನನ್ನು ಹಾಯುವ ಬದಲು ರೈತನೇ ಎತ್ತನ್ನು ಹಾಯ್ದಂತಾದೀತು! ನಿಜವಾದ ಪರೀಕ್ಷೆ ಕಿವಿಗೆ. ಅಲ್ಲಿ ನಾಲ್ಕು ಬಗೆಯ ಸ್ವರಭಾರಗಳಿವೆ. ‘ಮಾಯ್’ ಎಂಬುದನ್ನು ದನಿ ತಗ್ಗಿಸಿ ಮತ್ತೆ ಏರಿಸಿ ಹೇಳಿದರೆ ಕೊಳ್ಳುವುದು. ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವುದು. ಎಪಿಎಂಸಿಗೆ ಹೆಸರುಕಾಳು ತಂದ ರೈತನಿಗೆ ಇವೆರಡರ ಅಂತರ ಎಷ್ಟೆಂದು ಯಾರೂ ಹೇಳಬೇಕಿಲ್ಲ.

ಇಂಥ ಭಾಷೆಯನ್ನು ಯುದ್ಧದ ನಡುವೆ ಕಲಿತವರು ಡಾ. ದ್ವಾರಕಾನಾಥ ಕೋಟ್ನೀಸ್. ಕನ್ನಡದ ಮನೆಗಳೂ ಸಾಕಷ್ಟಿರುವ ಗಡಿಯಾಚೆಯ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು. ಜಪಾನಿನ ದಾಳಿಯಿಂದ ನಲುಗಿದ್ದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೂ ಒಬ್ಬರು. ಗಾಯ ಕಣ್ಣಿಗೆ ಕಾಣುತ್ತದೆ, ಅದನ್ನು ಹೊಲಿಯಲು ಭಾಷೆ ಬೇಕಿಲ್ಲ. ಆದರೆ ಎಲ್ಲಿ ನೋಯುತ್ತದೆ, ಯಾವಾಗಿನಿಂದ, ರಾತ್ರಿ ನಿದ್ದೆ ಬಂತೇ ಎಂದು ಕೇಳದೆ ವೈದ್ಯನ ಕೆಲಸ ಪೂರ್ಣವಾಗುವುದಿಲ್ಲ. ಕೋಟ್ನೀಸರು ಚೀನೀ ಮಾತನ್ನೂ ಬರಹವನ್ನೂ ಕಲಿತರು. ಆ ಭಾಷೆಯಲ್ಲೇ ವೈದ್ಯಕೀಯ ಪಾಠ ಹೇಳಿದರು. 1941ರಲ್ಲಿ ಅಲ್ಲಿನ ಬೆಥೂನ್ ಆಸ್ಪತ್ರೆಯ ಮುಖ್ಯಸ್ಥರಾದರು. 1942ರ ಡಿಸೆಂಬರ್ 9ರಂದು ಆ ನೆಲದಲ್ಲೇ ತೀರಿಕೊಂಡಾಗ ಅವರಿಗೆ ಕೇವಲ 32 ವರ್ಷ.

ಲೋಕದಲ್ಲಿ ಸಾಮಾನ್ಯವಾಗಿ ಭಾಷೆ ಕಲಿಯುವ ಭಾರ ಬೀಳುವುದು ಸಹಾಯ ಬೇಡುವವರ ಮೇಲೆ. ನಮ್ಮ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ದುಡಿಯಲು ಗೋವೆಗೆ ಹೋದವರು ಅಲ್ಲಿನ ಕೊಂಕಣಿಗೆ ನಾಲಿಗೆ ಹೊಂದಿಸಿಕೊಳ್ಳುತ್ತಾರೆ. ಕೋಟ್ನೀಸರು ಆ ಭಾರವನ್ನು ನೆರವು ಕೊಡುವವನ ಹೆಗಲಿಗೆ ತೆಗೆದುಕೊಂಡರು. ಅವರ ಔದಾರ್ಯವಿದ್ದದ್ದು ಇಲ್ಲಿ, ಮತ್ತು ಇದು ನಮ್ಮ ಕೈಗೂ ಎಟುಕುವಂಥದ್ದು. ಶಿಕ್ಷಕರು, ನರ್ಸಮ್ಮ, ಬ್ಯಾಂಕಿನವರು, ಅಂಗಡಿಯವರು ತಮ್ಮ ಬಳಿ ಬರುವವರ ಭಾಷೆಯಲ್ಲಿ ಹತ್ತಾರು ಮಾತು ಕಲಿಯಬಹುದು: ನಿನ್ನ ಹೆಸರೇನು, ಊಟ ಆಯಿತೇ, ಎಲ್ಲಿ ನೋಯುತ್ತದೆ, ಹೆದರಬೇಡ. ಉಚ್ಚಾರ ತಪ್ಪಿದರೆ ಅವರೇ ತಿದ್ದುತ್ತಾರೆ. ಹಾಗೆ ತಿದ್ದಲು ಬಾಯಿ ತೆರೆದವರು ಮುಂದೆ ತಮ್ಮ ಕಷ್ಟ ಹೇಳಿಕೊಳ್ಳಲು ಹಿಂಜರಿಯುವುದಿಲ್ಲ.